ಮಲಗಿ ಬರುವ ಬೆಳಕಿಗೆ ಪ್ರವೇಶವಿಲ್ಲ

ಭಾನುವಾರ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ನಡುಮನೆಯಲ್ಲಿ 'ಟಪ್' ಎಂದು ಒಂದು ಸಣ್ಣ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ 'ಟಪ್'. ಬಾಗಿಲಿನ ಸದ್ದಲ್ಲ, ಪಾತ್ರೆಯ ಸದ್ದೂ ಅಲ್ಲ. ಹೇಳಬೇಕೆಂದಿದ್ದ ಮಾತನ್ನು ನುಂಗಿ ಯಾರೋ ಬಾಯಿ ಮುಚ್ಚಿಕೊಂಡ ಹಾಗಿತ್ತು.

"ಇಲಿ ಇರಬೇಕು ರೀ," ಎಂದಳು ಹೆಂಡತಿ, ನಿದ್ದೆಗಣ್ಣಿನಲ್ಲೇ. "ನಾಳೆ ಬೋನು ಇಡಬೇಕು."

ಹೊದಿಕೆಯೊಳಗೆ ಬ್ರೇಕ್ ಮೇಷ್ಟ್ರ ಬಲಗಾಲು ಒಮ್ಮೆ ಜೋರಾಗಿ ಒತ್ತಿ, ಸಡಿಲವಾಯಿತು.

ಮೇಷ್ಟ್ರಿಗೆ ಆ ಹೆಸರು ಬಂದದ್ದು ನ್ಯಾಯವಾಗಿಯೇ. ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತು ಊರಿಗೆ ಊರೇ ಕಾರು ಓಡಿಸುವ ಹಾಗೆ ಮಾಡಿದವರು ಅವರು. ಕಲಿಯುವವರ ಕಾಲ ಕೆಳಗೆ ಒಂದು ಬ್ರೇಕು, ಮೇಷ್ಟ್ರ ಕಾಲ ಕೆಳಗೆ ಇನ್ನೊಂದು. ಮೊದಲನೆಯದು ಮರೆತದ್ದನ್ನು ಎರಡನೆಯದು ನೆನಪಿಟ್ಟುಕೊಳ್ಳಬೇಕು. ಹೀಗೆ ಪಳಗಿದ ಕಾಲು ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಹೆಂಡತಿ ಉಸಿರು ಬಿಡದೆ ಮಾತಾಡಿದರೆ ಕಾಲು ಒತ್ತುತ್ತಿತ್ತು. ಅತ್ತೆಯವರು "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದು ಶುರು ಮಾಡಿದರೆ ಎರಡು ಸಲ ಒತ್ತುತ್ತಿತ್ತು. ಸೋಫಾದ ಮುಂದಿನ ನೆಲಹಾಸಿನಲ್ಲಿ ಅಂಗಾಲಿನಷ್ಟು ಜಾಗ ಬಣ್ಣ ಕಳೆದುಕೊಂಡಿತ್ತು.

ಅತ್ತೆಯವರು ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವರು, ಪೊರೆ ಹೋದ ಮೇಲೆ ಅಳಿಯನ ಮನೆಯಲ್ಲಿ ಎಷ್ಟೆಲ್ಲ ಧೂಳಿದೆ ಎಂಬುದು ಕಂಡು, ಅದಕ್ಕೊಂದು ಗತಿ ಕಾಣಿಸದೆ ಹೋಗುವುದು ಹೇಗೆಂದು ಉಳಿದುಕೊಂಡಿದ್ದರು. ನಡುಮನೆಯಲ್ಲಿ, ಟಿವಿಯ ಎದುರು, ಅವರ ಮಂಚ. ಬಿಸಿಲಿಗೆಂದು ಆಸ್ಪತ್ರೆಯವರು ಕೊಟ್ಟಿದ್ದ ದೊಡ್ಡ ಕಪ್ಪು ಕನ್ನಡಕವನ್ನು ಅವರು ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡರೆ ಗಾಡಿಗೆ ಕಟ್ಟಿದ ಕುದುರೆಯ ಹಾಗೆ ಕಾಣುತ್ತೇನೆ ಎಂಬುದು ಅವರ ದೂರು. ಅದು ಸುಳ್ಳೆಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಏಕೆಂದರೆ ಅದು ನಿಜವಾಗಿತ್ತು.

ಈಗ ಕನ್ನಡಕದ ವಿಷಯ. ಶನಿವಾರ ಮೇಷ್ಟ್ರು ಅತ್ತೆಯವರ ಜೊತೆಗೆ ಕಣ್ಣಿನ ಡಾಕ್ಟರಮ್ಮನ ಬಳಿ ಹೋದವರು, ಹೇಗೂ ಬಂದಿದ್ದೇನಲ್ಲ ಎಂದು ತಮ್ಮ ಕಣ್ಣನ್ನೂ ತೋರಿಸಿದ್ದರು. ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, "ಎಷ್ಟು ವರ್ಷದಿಂದ ಬಿಸಿಲು ರಸ್ತೆ ದಿಟ್ಟಿಸ್ತಾ ಇದ್ದೀರಿ?" ಎಂದರು.

"ಇಪ್ಪತ್ತಾರು."

"ನಿಮ್ಮ ಕಣ್ಣು ಐವತ್ತು ಅಂತ ಹೇಳ್ತಿದೆ. ಇನ್ನೂ ಏನೂ ಕೆಟ್ಟಿಲ್ಲ, ಆದ್ರೆ ಕೆಡೋಕೆ ಕಾಯ್ತಾ ಇದೆ. ಅತಿನೇರಳೆ ಕಿರಣ ತಡೆಯೋ ಕನ್ನಡಕ ಹಾಕಿ. ಬರೀ ಕಪ್ಪು ಬಣ್ಣದ್ದು ತಗೋಬೇಡಿ. ಕತ್ತಲಾಯ್ತು ಅಂದ್ಕೊಂಡು ಕಣ್ಣಿನ ಪಾಪೆ ಅಗಲ ಆಗುತ್ತೆ, ಬರಬಾರದ ಕಿರಣವೆಲ್ಲ ಆರಾಮಾಗಿ ಒಳಗೆ ಬರುತ್ತೆ. ನಿಮ್ಮ ಕೆಲಸಕ್ಕೆ ಪೋಲರೈಸ್ಡ್ ಆದ್ರೆ ಇನ್ನೂ ಒಳ್ಳೇದು."

"ಅಂದ್ರೆ?"

"ನೀರು, ರಸ್ತೆ, ಮುಂದಿನ ಕಾರಿನ ಬೆನ್ನು, ಇವುಗಳ ಮೇಲಿಂದ ಪುಟಿದು ಬರೋ ಬೆಳಕು ಅಡ್ಡಡ್ಡ ಮಲಗಿಕೊಂಡು ಬರುತ್ತೆ. ಕಣ್ಣು ಕುಕ್ಕೋದು ಅದೇ. ಈ ಗಾಜಿನಲ್ಲಿ ಕಿಟಕಿ ಸರಳಿನ ಥರ ಉದ್ದುದ್ದ ಸಂದು ಇದೆ ಅಂದ್ಕೊಳ್ಳಿ. ನಿಂತು ಬರೋ ಬೆಳಕು ಒಳಗೆ ಬರುತ್ತೆ. ಮಲಗಿ ಬರೋದು ಹೊರಗೇ ಉಳಿಯುತ್ತೆ."

ಮೇಷ್ಟ್ರಿಗೆ ಈ ವಿಚಾರ ಬಹಳ ಹಿಡಿಸಿತು. ಜೀವಮಾನವಿಡೀ ಸೀಟಿನಲ್ಲಿ ಒರಗಿ ಮಲಗುವ ಶಿಷ್ಯರನ್ನು ನೆಟ್ಟಗೆ ಕೂರಿಸಿದವರಿಗೆ, ಬೆಳಕಿಗೂ ಅದೇ ಶಿಸ್ತು ಕಲಿಸುವ ಗಾಜೊಂದಿದೆ ಎಂದು ಕೇಳಿ ಮೈಯೆಲ್ಲ ಹಿಗ್ಗಿತು. ಅಲ್ಲಿಂದ ನೇರ ಕನ್ನಡಕದಂಗಡಿಗೆ ಹೋಗಿ, ತಮ್ಮ ದೂರದೃಷ್ಟಿಯ ನಂಬರು ಹಾಕಿಸಿಯೇ ಒಂದು ಪೋಲರೈಸ್ಡ್ ಕನ್ನಡಕ ಮಾಡಿಸಿದರು. ಭಾನುವಾರ ಸಂಜೆ ಅದನ್ನು ಕೈಗಿಡುವಾಗ ಅಂಗಡಿಯವನು, "ಒಂದೇ ಒಂದು ವಿಷಯ ಸಾರ್, ಇದನ್ನ ಹಾಕ್ಕೊಂಡು ಮೊಬೈಲ್ ನೋಡಿದ್ರೆ" ಎಂದು ಶುರು ಮಾಡಿದ.

"ನಾನು ಕಾರಲ್ಲಿ ಕೂತಾಗ ಮೊಬೈಲ್ ನೋಡೋನೇ ಅಲ್ಲ. ನೋಡೋರಿಗೆ ಹೇಳಪ್ಪ," ಎಂದು ಮೇಷ್ಟ್ರು ಹೊರಟುಬಿಟ್ಟರು.

ಆ ಅರ್ಧ ವಾಕ್ಯ ಅಂಗಡಿಯ ಗಾಜಿನ ಕಪಾಟಿನ ಮೇಲೆಯೇ ಉಳಿಯಿತು. ಮುಂದೆ ನಡೆದದ್ದೆಲ್ಲ ಅದರ ಉಳಿದರ್ಧ.

ಸೋಮವಾರ ಬೆಳಗ್ಗೆ ಮೇಷ್ಟ್ರು ಟಿವಿಯ ಮೇಲಿನ ಅಟ್ಟಣಿಗೆಯಿಂದ ಡಬ್ಬಿ ಇಳಿಸಿ, 'ಟಪ್' ಎಂದು ತೆರೆದು, ಕನ್ನಡಕ ಏರಿಸಿಕೊಂಡು ತಿಂಡಿಗೆ ಕೂತರು. ಹೆಂಡತಿ ತಟ್ಟೆ ಇಡಲು ಬಂದವಳು ಹಾಗೇ ನಿಂತಳು.

"ಏನ್ರೀ ಇದು, ಮನೆಯೊಳಗೆ?"

"ಕಿಟಕಿಯಿಂದ ಬಿಸಿಲು ಬರ್ತಿದೆ ನೋಡೇ. ಮೇಜಿನ ಮೇಲೆ ಬಿದ್ದು ಮಲಗಿಕೊಂಡು ಬರುತ್ತೆ. ಮಲಗಿ ಬರೋ ಬೆಳಕಿಗೆ ಇನ್ಮೇಲೆ ಈ ಕಣ್ಣಲ್ಲಿ ಪ್ರವೇಶವಿಲ್ಲ."

"ಒಂದು ಮಾತು ಹೇಳ್ತೀನಿ ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ," ಎಂದರು ಅತ್ತೆಯವರು ಮಂಚದಿಂದ. ಮೇಷ್ಟ್ರ ಕಾಲು ಎರಡು ಸಲ ಒತ್ತಿತು. "ಅದನ್ನ ಹಾಕ್ಕೊಂಡು ಟಿವಿ ನೋಡ್ತೀರಾ?"

"ಹಗಲು ಹೊತ್ತು ಟಿವಿ ನೋಡೋ ಅಷ್ಟು ಬಿಡುವು ನನಗಿಲ್ಲ ಅತ್ತೆ."

"ಹಾಗಲ್ಲ, ನೋಡೋದಾದ್ರೆ ತೆಗೆದು ನೋಡಿ ಅಂದೆ."

ಮೇಷ್ಟ್ರಿಗೆ ಇದು ಚುಚ್ಚುಮಾತಾಗಿ ಕೇಳಿತು. ಬೀದಿಗಿಳಿದರೆ ಎದುರುಮನೆಯ ಅಂಚೆಯಣ್ಣ ಗೇಟಿನಲ್ಲೇ ಸಿಕ್ಕರು. ಇವರು ಅಂಚೆ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಬಟವಾಡೆ ನಿಲ್ಲಿಸಿರಲಿಲ್ಲ. ಈಗ ಕಾಗದದ ಬದಲು ಸುದ್ದಿ, ಅದೂ ವಿಳಾಸವಿಲ್ಲದ ಮನೆಗಳಿಗೂ.

"ಏನ್ ಮೇಷ್ಟ್ರೇ, ಸಿನಿಮಾಗೆ ಸೇರಿದ್ರಾ? ತೆಗೀರಿ ಸ್ವಾಮಿ, ಗುರುತೇ ಸಿಗಲ್ಲ. ಬಸ್ ಸ್ಟ್ಯಾಂಡ್ ಮುಂದೆ ಇದೇ ಕಪ್ಪು ಕನ್ನಡಕ ರಾಶಿ ಹಾಕ್ಕೊಂಡು ಕೂತಿರ್ತಾರೆ."

"ಅವು ಕಪ್ಪು, ಇದು ಪೋಲರೈಸ್ಡ್. ಅದನ್ನ ಹಾಕ್ಕೊಂಡ್ರೆ ಕಳ್ಳನಿಗೆ ಬಾಗಿಲು ತೆಗೆದು ಮನೆ ದೀಪ ಆರಿಸಿದ ಹಾಗೆ," ಎಂದು ಮೇಷ್ಟ್ರು ಗೇಟಿಗೊರಗಿ ಹದಿನೈದು ನಿಮಿಷ ಉಪನ್ಯಾಸ ಕೊಟ್ಟರು.

ಮಧ್ಯಾಹ್ನದೊಳಗೆ ಹಾಲಿನವನು, ಪೆಟ್ರೋಲ್ ಬಂಕಿನವನು, ಇಬ್ಬರು ಶಿಷ್ಯರು, ಕೊನೆಗೆ ಒಂದು ಕೈಗೂಸು ಕೂಡ ಅದನ್ನು ತೆಗೆಯಿರಿ ಎಂದು ತಮ್ಮ ತಮ್ಮ ರೀತಿಯಲ್ಲಿ ಹೇಳಿದ್ದಾಯಿತು. ಕೂಸು ಕೈಯನ್ನೇ ಹಾಕಿತ್ತು. ಮೇಷ್ಟ್ರು ಕಾರಿನ ಬಾಗಿಲು ಹಿಡಿದು ನಿಂತು, ಯಾರೂ ಕೇಳದಿದ್ದರೂ, ಪ್ರತಿಜ್ಞೆ ಮಾಡಿದರು: ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಈ ಕನ್ನಡಕ ಮೂಗಿನಿಂದ ಇಳಿಯುವುದಿಲ್ಲ. ಹೇಳಿದವರು ಯಾರೇ ಆಗಲಿ.

ಪ್ರತಿಜ್ಞೆ ಮುಗಿದ ಐದೇ ನಿಮಿಷಕ್ಕೆ ಅವರ ಫೋನು ರಿಂಗಾಯಿತು. ಜೇಬಿನಿಂದ ತೆಗೆದು ನೋಡಿದರೆ ಪರದೆ ಕಾಡಿಗೆ ಬಳಿದ ಹಾಗೆ ಕಪ್ಪು. ಸದ್ದು ಬರುತ್ತಿದೆ, ಹೆಸರಿಲ್ಲ. ಅಂದಾಜಿನ ಮೇಲೆ ಬೆರಳೆಳೆದು, "ಹೇಳೇ, ಏನು ತರ್ಲಿ? ಸೊಪ್ಪಿಗೆ ಇವತ್ತು ಹೋಗಲ್ಲ, ಕಾಲು ನೋವು" ಎಂದರು.

ಆ ಕಡೆಯಿಂದ ಬಂದದ್ದು ಡ್ರೈವಿಂಗ್ ಸ್ಕೂಲಿನ ಒಡತಿಯ ದನಿ, "ಮೇಷ್ಟ್ರೇ, ನಾನು."

ಒಡತಿ ಮೂವತ್ತರ ಹೆಂಗಸು. ಅವಳಿಗೆ ಕಾರು ಕಲಿಸಿದವರೂ ಮೇಷ್ಟ್ರೇ. ಆದರೂ ಮಾತು ತಪ್ಪಿದ್ದು ತಪ್ಪಿದ್ದೇ. ಸಂಜೆಯವರೆಗೆ ಬಂದ ಕರೆಗಳಿಗೆಲ್ಲ ಮೇಷ್ಟ್ರು ಬಹಳ ಗೌರವದಿಂದ "ನಮಸ್ಕಾರ ಮೇಡಂ" ಎಂದರು. ಅವುಗಳಲ್ಲಿ ಎರಡು ಹೆಂಡತಿಯವು, ಒಂದು ಪಂಕ್ಚರ್ ಹಾಕುವವನದು.

ರಾತ್ರಿ ಹಳೆಯ ಕನ್ನಡಕ ಹಾಕಿಕೊಂಡು ನೋಡಿದರೆ ಫೋನು ಝಗಮಗ ಅನ್ನುತ್ತಿತ್ತು. ಮಂಗಳವಾರ ಬೆಳಗಾಗುತ್ತಿದ್ದಂತೆ ಮತ್ತೆ ಸತ್ತಿತು. ಹಗಲು ಸಾಯುವ, ರಾತ್ರಿ ಬದುಕುವ ಫೋನನ್ನು ಮೇಷ್ಟ್ರು ಹಿಂದೆ ಕಂಡಿರಲಿಲ್ಲ. ಗೂಬೆಯ ಜಾತಿಯದ್ದೇ ಇರಬೇಕೆಂದುಕೊಂಡು ರಿಪೇರಿ ಅಂಗಡಿಗೆ ಒಯ್ದರು.

ರಿಪೇರಿಯವನು ಫೋನನ್ನು ಒಂದು ಸಲ ಒತ್ತಿ, ಅವರ ಮುಖದ ಮುಂದೆ ನೆಟ್ಟಗೆ ಹಿಡಿದ. "ಬರ್ತಿದೆಯಲ್ಲ ಸಾರ್."

"ಎಲ್ಲಿ ಬರ್ತಿದೆ?"

"ಇಲ್ಲೇ. ನಿಮ್ಮ ಮನೆಯವರ ಫೋಟೋ. ನಗ್ತಿದ್ದಾರೆ."

"ನನ್ನ ಹೆಂಡತಿ ನಗ್ತಿರೋದು ನಿನಗೆ ಕಾಣುತ್ತೆ, ನನಗೆ ಕಾಣಲ್ವಾ?"

ರಿಪೇರಿಯವನು ಪಕ್ಕದ ಜೆರಾಕ್ಸ್ ಅಂಗಡಿಯವರನ್ನು ಕರೆದ. ಅವರೂ ನೋಡಿ, ಬರ್ತಿದೆ ಎಂದರು. ಎದುರಿನ ಬೇಕರಿಯವರು ಬಂದರು. ಬರ್ತಿದೆ. ಆ ದಾರಿಯಲ್ಲಿ ಹೋಗುತ್ತಿದ್ದ ಅಂಚೆಯಣ್ಣನೂ ತಲೆ ತೂರಿಸಿ, "ಬಹಳ ಚೆನ್ನಾಗಿ ಬರ್ತಿದೆ" ಎಂದರು.

"ಸಾರ್, ಆ ಕನ್ನಡಕ ಒಂದ್ಸಲ ತೆಗೆದು ನೋಡಿ," ಎಂದ ರಿಪೇರಿಯವನು.

ಅದು ತಪ್ಪಿಯೂ ಆಡಬಾರದ ಮಾತಾಗಿತ್ತು. ಮೇಷ್ಟ್ರು ಎದ್ದು ನಿಂತರು. "ಕೇಳಪ್ಪ. ಈ ಕನ್ನಡಕದಲ್ಲಿ ನಿನ್ನ ಮುಖ ಕಾಣ್ತಿದೆ. ಬೇಕರಿಯವರ ಅಂಗಿಗೆ ಒಂದು ಗುಂಡಿ ಇಲ್ಲದ್ದು ಕಾಣ್ತಿದೆ. ಆ ತುದಿಯ ಕಟ್ಟಡದ ಮೇಲೆ ಕಾಗೆ ಕೂತಿರೋದು ಕಾಣ್ತಿದೆ. ಜಗತ್ತೆಲ್ಲ ಕಾಣ್ತಿದೆ, ನೀನು ಹಿಡಿದಿರೋ ಫೋನ್ ಒಂದೇ ಕಾಣ್ತಿಲ್ಲ. ಈಗ ಹೇಳು, ಕೆಟ್ಟಿರೋದು ಜಗತ್ತೋ, ಫೋನೋ?"

ಅಂಗಡಿ ಸಾಲೆಲ್ಲ ಒಂದಾಗಿ ತಮ್ಮನ್ನು ಆಟವಾಡಿಸುತ್ತಿದೆ ಎಂದು ತೀರ್ಮಾನಿಸಿ ಮೇಷ್ಟ್ರು ಹೊರಟರು. ಅಂಗಡಿ ಸಾಲು ಇನ್ನೊಂದು ತೀರ್ಮಾನಕ್ಕೆ ಬಂತು. ಅದನ್ನು ಅಂಚೆಯಣ್ಣ ಆ ಸಂಜೆಯೇ ಮನೆಮನೆಗೆ ತಲುಪಿಸಿದರು: ಮೇಷ್ಟ್ರ ಕಣ್ಣು ಹೋಗಿದೆ. ಮುಖದ ಎದುರಿನ ಫೋನೇ ಕಾಣುತ್ತಿಲ್ಲ. ಅದನ್ನು ಮುಚ್ಚಿಡಲೆಂದೇ ಕಪ್ಪು ಕನ್ನಡಕ. ಪಾಪ, ಬಾಯಿಪಾಠದ ಮೇಲೆ ಕಾರು ಕಲಿಸುತ್ತಿದ್ದಾರೆ.

ಬುಧವಾರ ಬೆಳಗ್ಗೆ ಮೇಷ್ಟ್ರು ಗೇಟು ದಾಟುವಷ್ಟರಲ್ಲಿ ಯಾರೋ ಬಂದು ಮೊಣಕೈ ಹಿಡಿದರು. ನೋಡಿದರೆ ಮೂಲೆಮನೆಯ ಎಂಬತ್ತು ವರ್ಷದ ಅಜ್ಜ. "ಮೆಲ್ಲಗೆ ಬಾರಪ್ಪ, ಇಲ್ಲೊಂದು ಮೆಟ್ಟಿಲಿದೆ," ಎಂದು ಅವರು ಮೇಷ್ಟ್ರನ್ನು ರಸ್ತೆ ದಾಟಿಸಿದರು. ಆ ಕಡೆ ಬಿಟ್ಟ ಮೇಲೆ, ಅಜ್ಜನಿಗೆ ವಾಪಸು ಬರಲು ಧೈರ್ಯವಾಗದೆ, ಮೇಷ್ಟ್ರೇ ಅವರನ್ನು ಈ ಕಡೆಗೆ ದಾಟಿಸಬೇಕಾಯಿತು.

ಕಾರಿನಲ್ಲಿ ಶಿಷ್ಯೆಯೊಬ್ಬಳು ಗೇರು ಹಾಕುವ ಮೊದಲು ಕೇಳಿದಳು, "ಸಾರ್, ಆ ಲಾರಿ ನಿಮಗೆ ಕಾಣ್ತಿದೆಯಾ?"

"ಯಾಕಮ್ಮ, ನಿನಗೆ ಕಾಣ್ತಿಲ್ವಾ?"

"ನನಗೆ ಕಾಣ್ತಿದೆ ಸಾರ್. ನಿಮಗೆ ಹೇಳೋಣ ಅಂತ. ಬಣ್ಣ ಹಸಿರು."

ಮನೆಗೆ ಬಂದರೆ ಹೆಂಡತಿಯ ತಮ್ಮ ಹಣ್ಣಿನ ಚೀಲ ಹಿಡಿದು ಕೂತಿದ್ದ. ಆಸ್ಪತ್ರೆಗೆ ಬಂದವನ ಮುಖ. ಮೇಷ್ಟ್ರು ಕೂರುತ್ತಲೇ ಅವರ ಮುಂದೆ ಮೂರು ಬೆರಳು ಆಡಿಸಿ, "ಭಾವ, ಎಷ್ಟು?" ಎಂದ.

"ನಿನಗಿರೋ ಬುದ್ಧಿಗಿಂತ ಎರಡು ಜಾಸ್ತಿ," ಎಂದರು ಮೇಷ್ಟ್ರು.

ಹೆಂಡತಿಯ ತಮ್ಮ ಲೆಕ್ಕ ಹಾಕುತ್ತಾ ಕೂತ. ಹೆಂಡತಿ ಮಾತ್ರ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ತುದಿ ತಿರುವುತ್ತಾ, "ನನಗಾದ್ರೂ ನಿಜ ಹೇಳಿ ರೀ. ಮೊನ್ನೆ ನಾನು ಫೋನ್ ಮಾಡಿದ್ರೆ ಮೇಡಂ ಅಂದ್ರಿ" ಎಂದಳು. ಅವಳ ದನಿ ಸಣ್ಣಗಾಗಿತ್ತು.

"ಒಂದು ಮಾತು ಹೇಳ್ತೀನಿ," ಎಂದರು ಅತ್ತೆಯವರು, ಯಾರನ್ನೂ ನೋಡದೆ. "ಫೋನ್ ನೋಡೋವಾಗ ಆ ಕನ್ನಡಕ ತೆಗೆದ್ರೆ ಏನು ಗಂಟು ಹೋಗುತ್ತೆ?"

"ಅತ್ತೆ, ಇಡೀ ಊರು ಇದೊಂದೇ ಮಾತು ಕಲಿತಿದೆ. ನೀವಾದ್ರೂ ಬೇರೆ ಹೇಳಿ. ತೆಗೆಯಲ್ಲ."

ಅತ್ತೆಯವರು ಬಾಯಿ ತೆರೆದರು. ಮತ್ತೇನೋ ಯೋಚಿಸಿ ಮುಚ್ಚಿದರು.

ಅಂದು ಸಂಜೆ ಒಡತಿ ಮೇಷ್ಟ್ರನ್ನು ತನ್ನ ಪುಟ್ಟ ಆಫೀಸಿಗೆ ಕರೆದಳು. ರಸ್ತೆ ಚಿಹ್ನೆಗಳ ದೊಡ್ಡ ಪಟದ ಕೆಳಗೆ ಕೂತು, ಮೇಜಿನ ಮೇಲಿನ ಆಟಿಕೆ ಕಾರನ್ನು ಹಿಂದೆ ಮುಂದೆ ಓಡಿಸುತ್ತಾ ಹೇಳಿದಳು. "ಮೇಷ್ಟ್ರೇ, ನಾಲ್ಕು ಜನ ಕ್ಲಾಸು ಬಿಟ್ಟಿದ್ದಾರೆ. ನಾನು ನಂಬಿಲ್ಲ. ಆದ್ರೆ ನಿಮ್ಮ ಬೋಧಕರ ಲೈಸೆನ್ಸು ಈ ತಿಂಗಳು ನವೀಕರಿಸಬೇಕು, ಅದಕ್ಕೆ ದೃಷ್ಟಿ ಪರೀಕ್ಷೆ ಹೇಗೂ ಇದೆ. ನಾಳೆನೇ ಮುಗಿಸಿಬಿಡಿ. ಪಾಸಾದ್ರೆ ಎಲ್ಲರ ಬಾಯಿ ಮುಚ್ಚುತ್ತೆ."

"ಆಗದಿದ್ರೆ?"

ಒಡತಿ ಆಟಿಕೆ ಕಾರನ್ನು ನಿಲ್ಲಿಸಿದಳು. "ಆಗದಿದ್ರೆ ಕೀ ಕೊಟ್ಟುಬಿಡಿ ಮೇಷ್ಟ್ರೇ. ನಿಮ್ಮ ಜಾಗದಲ್ಲಿ ಬೇರೆಯವರನ್ನ ಕೂರಿಸಬೇಕಾಗುತ್ತೆ."

ಇಪ್ಪತ್ತಾರು ವರ್ಷದಲ್ಲಿ ಪಕ್ಕದ ಸೀಟಿನ ಸ್ಪಂಜು ಮೇಷ್ಟ್ರ ಮೈಯ ಅಚ್ಚಿಗೆ ಇಳಿದಿತ್ತು. ಅದರಲ್ಲಿ ಬೇರೊಬ್ಬ ಕೂತರೆ ಅವನ ಬೆನ್ನಿಗೇ ಕೇಡು. "ನಾಳೆ ಬರ್ತೀನಿ, ಪಾಸಾಗೇ ಬರ್ತೀನಿ," ಎಂದರು. "ಕನ್ನಡಕ ಹಾಕ್ಕೊಂಡೇ."

ಗುರುವಾರ ಮಧ್ಯಾಹ್ನ ಒಂದು ಮಳೆ ಬಂದು ನಿಂತಿತ್ತು. ಸಾರಿಗೆ ಕಚೇರಿಯ ದೃಷ್ಟಿ ಪರೀಕ್ಷೆಯ ಕೋಣೆಯಲ್ಲಿ ಹಿಂದೆ ಗೋಡೆಗೆ ತೂಗಿರುತ್ತಿದ್ದ ಅಕ್ಷರದ ಹಾಳೆ ಹೋಗಿ, ಹೊಸ ಕಂಪ್ಯೂಟರ್ ಪರದೆ ಬಂದಿತ್ತು. ಅದರ ಪಕ್ಕದಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು. ಬೆನ್ನು ಸ್ಕೇಲಿನಷ್ಟು ನೇರ, ಮಾತು ಸುತ್ತೋಲೆಯಷ್ಟು ಖಚಿತ.

"ಓದಿ," ಎಂದರು.

"ಏನನ್ನ?"

"ಪರದೆ ಮೇಲಿರೋದನ್ನ."

"ಪರದೆ ಹಾಕಿ ಸಾರ್, ಓದ್ತೀನಿ."

ಇನ್ಸ್‌ಪೆಕ್ಟರ್ ಪರದೆ ನೋಡಿದರು. ಮೇಷ್ಟ್ರನ್ನು ನೋಡಿದರು. "ಹಾಕಿದೆ."

"ಅಂಗಡಿಯೋರು ಹೇಳಿಕೊಟ್ರಾ ನಿಮಗೂ?"

"ಆ ಕನ್ನಡಕ ತೆಗೀರಿ ಮೊದ್ಲು."

ಮೇಷ್ಟ್ರು ಇದನ್ನೇ ಕಾಯುತ್ತಿದ್ದರು. ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗಿದ್ದ ಸೂಚನೆಯ ಕಡೆ ಬೆರಳು ಮಾಡಿ, ಎಂಟು ಅಡಿ ದೂರದಿಂದ ಒಂದಕ್ಷರ ತಪ್ಪದೆ ಓದಿದರು: "'ನಂಬರಿನ ಕನ್ನಡಕ ಧರಿಸುವವರು ಅದನ್ನು ಧರಿಸಿಯೇ ಪರೀಕ್ಷೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಅರ್ಜಿ ತಿರಸ್ಕೃತ.' ಕೆಳಗೆ ನಿಮ್ಮದೇ ರುಜು ಸಾರ್. ಇದು ನಂಬರಿನ ಕನ್ನಡಕ. ಡಾಕ್ಟರ ಚೀಟಿ ಇಲ್ಲಿದೆ. ತೆಗೆದ್ರೆ ನಿಯಮ ಮುರಿದೋನು ನಾನಾಗ್ತೀನಿ, ಮುರಿಸಿದೋರು ನೀವಾಗ್ತೀರಿ."

ಇನ್ಸ್‌ಪೆಕ್ಟರಿಗೆ ತಮ್ಮ ರುಜುವನ್ನೇ ದಿಟ್ಟಿಸುವ ಹಾಗಾಯಿತು. ತಾವೇ ಬರೆದ ನಿಯಮ ತಮ್ಮ ಕಾಲಿಗೇ ತೊಡರಿದ್ದು ಅವರ ನೌಕರಿಯಲ್ಲಿ ಇದೇ ಮೊದಲು. "ಅಷ್ಟು ದೂರದ್ದು ಓದ್ತೀರಿ, ಇಷ್ಟು ದೊಡ್ಡ ಅಕ್ಷರ ಕಾಣಲ್ವೇ?" ಎಂದು ಗುಮಾಸ್ತರನ್ನು ಕರೆಸಿದರು. ಗುಮಾಸ್ತರು, ಜವಾನ, ಸರದಿಯಲ್ಲಿದ್ದ ಇಬ್ಬರು ಆಟೋದವರು, ಎಲ್ಲರೂ ಪರದೆಯತ್ತ ನೋಡಿ ಶಾಲೆಯ ಮಕ್ಕಳ ಹಾಗೆ ಒಟ್ಟಿಗೆ ಓದಿದರು. ಮೇಷ್ಟ್ರಿಗೆ ಕಂಡದ್ದು ಒಲೆಯ ಮೇಲಿಟ್ಟ ಕಾವಲಿಯಂಥ ಕಪ್ಪು.

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. ಅರ್ಜಿಯ ಕೆಳಗಿನ ಖಾಲಿ ಚೌಕದ ಕಡೆ ಆ ಪೆನ್ನು ಇಳಿಯುವುದನ್ನು ಮೇಷ್ಟ್ರು ನೋಡಿದರು. ಕಾಲು ತಾನಾಗಿ ನೆಲಕ್ಕೆ ಒತ್ತಿತು. ಪೆನ್ನು ನಿಲ್ಲಲಿಲ್ಲ. ಹಾಗಾಗಿ ಬಾಯಿಂದಲೇ ನಿಲ್ಲಿಸಬೇಕಾಯಿತು.

"ನಿಲ್ಲಿ ಸಾರ್. ನಾನು ಕಲಿಸೋದು ರಸ್ತೆ ಮೇಲೆ, ಪರದೆ ಮೇಲಲ್ಲ. ನನ್ನ ಕಣ್ಣಿಲ್ಲ ಅಂತ ಬರೆಯೋದಾದ್ರೆ ರಸ್ತೆಗೆ ಬಂದು ನೋಡಿ ಬರೀರಿ. ಕಾರು ಹೊರಗಿದೆ."

"ಕಣ್ಣು ಕಾಣದೋರ ಕೈಗೆ ನಾನು ಸ್ಟೀರಿಂಗ್ ಕೊಡ್ಲಾ?"

"ಬೇಡ. ನೀವೇ ಓಡಿಸಿ. ನಾನು ನನ್ನ ಸೀಟಲ್ಲಿ ಕೂತ್ಕೊಂಡು ಎದುರಿಗೆ ಏನೇನು ಬರುತ್ತೆ ಅಂತ ಹೇಳ್ತಾ ಹೋಗ್ತೀನಿ. ಒಂದು ತಪ್ಪಿದ್ರೂ ಬರ್ಕೊಳ್ಳಿ."

ಕಚೇರಿಯವರೆಲ್ಲ ಮೆಟ್ಟಿಲ ಮೇಲೆ ಬಂದು ನಿಂತರು. ಇನ್ಸ್‌ಪೆಕ್ಟರ್ ಸ್ಟೀರಿಂಗಿನ ಹಿಂದೆ, ಮೇಷ್ಟ್ರು ತಮ್ಮ ಮಾಮೂಲು ಕುಳಿಯಲ್ಲಿ. ಮಳೆ ನಿಂತು ಸಂಜೆ ಬಿಸಿಲು ಕಾಲಿಟ್ಟ ಹೊತ್ತು ಅದು. ಮುಂದಿನ ರಸ್ತೆಯೆಲ್ಲ ಕಾಯಿಸಿ ಹೊಯ್ದ ಬೆಳ್ಳಿ. ಇನ್ಸ್‌ಪೆಕ್ಟರ್ ಕಣ್ಣು ಕಿರಿದು ಮಾಡಿ ಹೊರಟರು.

"ಎಡಕ್ಕೆ ಸೈಕಲ್, ಹಿಂದೆ ಗ್ಯಾಸ್ ಸಿಲಿಂಡರು," ಎಂದರು ಮೇಷ್ಟ್ರು.

"ಎಲ್ಲಿ?" ಎನ್ನುವಷ್ಟರಲ್ಲಿ ಸೈಕಲ್ ಪಕ್ಕದಲ್ಲೇ ಹಾದು ಹೋಯಿತು.

"ಮುಂದೆ ನೀರು ನಿಂತಿದೆ. ನೀರೊಳಗೆ ಒಂದು ಇಟ್ಟಿಗೆ, ಅರ್ಧ ಮುರಿದದ್ದು. ಬಲಕ್ಕೆ ತಗೊಳ್ಳಿ."

"ನೀರೊಳಗಿಂದು ಹೇಗ್ರೀ ಕಾಣುತ್ತೆ? ಊಹೆ ಮೇಲೆ ಹೇಳ್ಬೇಡಿ," ಎಂದು ಇನ್ಸ್‌ಪೆಕ್ಟರ್ ನೇರವಾಗಿ ಬಿಟ್ಟರು. ಕಾರು ಕುಪ್ಪಳಿಸಿತು. ಇಟ್ಟಿಗೆ ಈಗ ಪೂರ್ತಿ ಮುರಿಯಿತು.

"ಸಾರ್, ಮುಂದೆ ಅಡ್ಡಲಾಗಿ ಗುಂಡಿ. ಪೈಪಿಗೆ ತೋಡಿದ್ದು, ನೀರು ತುಂಬಿದೆ. ನಿಧಾನ."

"ರಸ್ತೆ ಮಟ್ಟಸವಾಗಿದೆ. ನನಗೆ ಕಣ್ಣಿಲ್ವೇ?"

"ಕೆಂಪು ಬಟ್ಟೆ ಕಟ್ಟಿದ ಕೋಲು ಬಿದ್ದಿದೆ ಸಾರ್. ನಿಧಾನ."

"ಮೇಷ್ಟ್ರೇ, ನಾನು ಈ ಇಲಾಖೆಯಲ್ಲಿ ಹದಿನೆಂಟು ವರ್ಷದಿಂದ"

ಹದಿನೆಂಟು ವರ್ಷದಿಂದ ಏನೆಂಬುದು ತಿಳಿಯಲಿಲ್ಲ, ಏಕೆಂದರೆ ಇಪ್ಪತ್ತಾರು ವರ್ಷದ ಕಾಲು ಎರಡನೆಯ ಬ್ರೇಕನ್ನು ಒತ್ತಿತು. ಈ ಸಲ ಅದರ ಕೆಳಗೆ ನೆಲಹಾಸಿರಲಿಲ್ಲ, ಹೊದಿಕೆಯಿರಲಿಲ್ಲ, ನಿಜವಾದ ಬ್ರೇಕೇ ಇತ್ತು. ಕಾರು ಮೂಗು ನೆಲಕ್ಕೆ ಮುಟ್ಟಿಸಿ ನಿಂತಿತು.

ಇನ್ಸ್‌ಪೆಕ್ಟರ್ ಇಳಿದು ಮುಂದೆ ಹೋಗಿ ನೋಡಿದರು. ಮುಂದಿನ ಚಕ್ರದಿಂದ ಒಂದು ಗೇಣು ಆಚೆ ರಸ್ತೆ ಮುಗಿದು ಗುಂಡಿ ಶುರುವಾಗಿತ್ತು. ಆಳ ನೋಡಲು ಬಿದ್ದಿದ್ದ ಕೋಲನ್ನು ಇಳಿಸಿದರು. ಕೋಲು ಮುಗಿಯಿತು, ಗುಂಡಿ ಮುಗಿಯಲಿಲ್ಲ. ಅವರು ಬಂದು ಸೀಟಿನಲ್ಲಿ ಕೂತು ಕೈ ಚಾಚಿದರು.

"ಕೊಡಿ ಇಲ್ಲಿ."

ತೆಗೆಯಿರಿ ಎಂದವರು ಊರೆಲ್ಲ. ಕೊಡಿ ಎಂದವರು ಇವರೊಬ್ಬರೇ. ಮೇಷ್ಟ್ರು ಪ್ರತಿಜ್ಞೆಯನ್ನು ಎರಡು ನಿಮಿಷ ಮುಂದೂಡಿ ಕನ್ನಡಕ ಕೊಟ್ಟರು. ಇನ್ಸ್‌ಪೆಕ್ಟರ್ ಹಾಕಿಕೊಂಡು ರಸ್ತೆ ನೋಡಿದರು. ತೆಗೆದು ನೋಡಿದರು. ಮತ್ತೆ ಹಾಕಿಕೊಂಡರು. ಬೆಳ್ಳಿಯೆಲ್ಲ ಕರಗಿ, ಕಪ್ಪು ಡಾಂಬರು, ಗುಂಡಿಯ ಅಂಚು, ನೀರಿನೊಳಗಿನ ಪೈಪಿನ ಬಾಯಿ, ಎಲ್ಲ ಕಂಡವು. "ಅಬ್ಬ," ಎಂದರು, ಸುತ್ತೋಲೆಯಲ್ಲಿಲ್ಲದ ಮಾತು. ಆಮೇಲೆ ಗುಂಡಿ ತೋಡಿದವರಿಗೆ ಬಿಸಿ ಮುಟ್ಟಿಸಲೆಂದು ಜೇಬಿನಿಂದ ಫೋನು ತೆಗೆದರು.

"ಇದೇನು, ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿದ್ದೆ. ಸತ್ತೇ ಹೋಗಿದೆ."

ಮೇಷ್ಟ್ರು ಬಗ್ಗಿ ನೋಡಿದರು. ಬರಿಗಣ್ಣಿಗೆ ಸ್ವಲ್ಪ ಮಬ್ಬಾದರೂ ಫೋನಿನ ಪರದೆ ದೀಪದ ಹಾಗೆ ಉರಿಯುತ್ತಿತ್ತು.

"ಬರ್ತಿದೆಯಲ್ಲ ಸಾರ್," ಎಂದರು ಮೇಷ್ಟ್ರು. ಹೇಳಿದ ಮೇಲೆ ಆ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು.

"ಎಲ್ಲಿ ಬರ್ತಿದೆ? ಕಪ್ಪು," ಎಂದು ಇನ್ಸ್‌ಪೆಕ್ಟರ್ ಫೋನನ್ನು ಸಿಟ್ಟಿನಿಂದ ಅಡ್ಡ ತಿರುಗಿಸಿದರು. ಪರದೆ ಬೆಳಗಿತು. ನೆಟ್ಟಗೆ ಹಿಡಿದರು, ಆರಿತು. ಅಡ್ಡ ಹಿಡಿದರು, ಬೆಳಗಿತು.

ಗುಂಡಿಯ ಅಂಚಿನಲ್ಲಿ ನಿಂತ ಕಾರಿನೊಳಗೆ ಇಬ್ಬರು ನಡುವಯಸ್ಸಿನ ಗಂಡಸರು ಒಂದು ಫೋನನ್ನು ತಿರುಗಿಸುತ್ತಾ ಕೂತರು. ಫೋನಿನ ಬೆಳಕೂ ಮಲಗಿಕೊಂಡೇ ಬರುತ್ತದೆಂದು, ಮಲಗಿದ್ದನ್ನು ಹೊರಗೇ ನಿಲ್ಲಿಸುವ ಗಾಜು ತನ್ನ ಧರ್ಮ ಪಾಲಿಸಿದೆಯೆಂದು, ಮೇಷ್ಟ್ರಿಗೆ ನಿಧಾನವಾಗಿ ಹೊಳೆಯಿತು. ರಿಪೇರಿಯವನ ಮುಖ, ಜೆರಾಕ್ಸಿನವರ ಮುಖ, ಬೇಕರಿಯವರ ಗುಂಡಿಯಿಲ್ಲದ ಅಂಗಿ ಸಾಲಾಗಿ ಕಣ್ಣ ಮುಂದೆ ಬಂದವು.

ಇನ್ಸ್‌ಪೆಕ್ಟರ್ ಕನ್ನಡಕ ಹಿಂದಕ್ಕೆ ಕೊಟ್ಟು ಕೆಮ್ಮಿದರು. "ನಾನು ಈ ಗುಂಡಿಗೆ ಗೇಣಿನಷ್ಟು ಹತ್ತಿರ ಬಂದಿದ್ದು, ಕಚೇರಿಯವರಿಗೆ ತಿಳೀಬೇಕಾದ ಅಗತ್ಯವೇನೂ ಇಲ್ಲ."

"ನನಗೆ ಪರದೆ ಯಾಕೆ ಕಾಣ್ಲಿಲ್ಲ ಅನ್ನೋದೂ ತಿಳೀಬೇಕಾಗಿಲ್ಲ ಸಾರ್."

"ಆದ್ರೆ ಪರೀಕ್ಷೆ ಆಗ್ಲೇ ಬೇಕು. ನಿಯಮ. ಕನ್ನಡಕ ಧರಿಸಿಯೇ."

"ಧರಿಸಿಯೇ," ಎಂದರು ಮೇಷ್ಟ್ರು. "ಕತ್ತು ನೆಟ್ಟಗಿರಬೇಕು ಅಂತ ನಿಯಮದಲ್ಲಿ ಇದೆಯಾ?"

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿ ತಾವು ಬರೆದದ್ದನ್ನೆಲ್ಲ ನೆನಪಿಸಿಕೊಂಡರು. "ಇಲ್ಲ."

ಹದಿನೈದು ನಿಮಿಷದ ಮೇಲೆ ಸಾರಿಗೆ ಕಚೇರಿಯವರು ಕಂಡದ್ದೇನೆಂದರೆ, ಬ್ರೇಕ್ ಮೇಷ್ಟ್ರು ತಲೆಯನ್ನು ಪೂರ್ತಿ ಭುಜದ ಮೇಲೆ ಮಲಗಿಸಿ, ಕೊಳಲೂದುವವರ ಠೀವಿಯಲ್ಲಿ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಪಟಪಟ ಓದಿದರು. ಸಾಲು ಮುಗಿದ ಮೇಲೆ ಪರದೆಯ ಮೂಲೆಯಲ್ಲಿದ್ದ ತಾರೀಕನ್ನೂ ಓದಿ, ಅದು ಒಂದು ದಿನ ಹಿಂದಿದೆ ಎಂದು ತಿಳಿಸಿದರು. ಇನ್ಸ್‌ಪೆಕ್ಟರ್ ಮೊಹರು ಒತ್ತಿದರು. ರಸ್ತೆಯ ಮೇಲೆ ಅದೇನು ಮಂತ್ರ ನಡೆಯಿತೆಂದು ಗುಮಾಸ್ತರು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ.

ಐದೂವರೆಗೆ ಮೇಷ್ಟ್ರು ಮನೆ ತಲುಪಿದರು. ಬೀದಿಯಲ್ಲಿ ಅಂಚೆಯಣ್ಣನ ಮುಖಕ್ಕೆ ಮೊಹರಿನ ಕಾಗದ ಹಿಡಿದು, "ಇದನ್ನೂ ಬಟವಾಡೆ ಮಾಡಿ" ಎಂದು ಹೇಳಿದ್ದಾಗಿತ್ತು. ಕೀಯನ್ನು ಒಡತಿಗೆ ತೋರಿಸಿ ಮತ್ತೆ ಜೇಬಿಗೆ ಹಾಕಿಕೊಂಡದ್ದೂ ಆಗಿತ್ತು. ಹೆಂಡತಿ ಕಾಗದವನ್ನು ಎರಡು ಸಲ ಓದಿ, ಕಣ್ಣೊರೆಸಿಕೊಂಡು, ಚಹಾ ಮಾಡಲು ಒಳಗೆ ಹೋದಳು. ಅವಳ ತಮ್ಮ ತಂದಿದ್ದ ಹಣ್ಣು ಹೆಚ್ಚುವ ಸದ್ದು ಕೇಳಿಸಿತು.

ಸೂರ್ಯ ಇನ್ನೂ ಮುಳುಗಿರಲಿಲ್ಲ. ಹಾಗಾಗಿ ಮೇಷ್ಟ್ರು ಕನ್ನಡಕದಲ್ಲಿಯೇ ಸೋಫಾದ ಮೇಲೆ ಕೂತರು. ಮಂಚದ ಮೇಲೆ ಅತ್ತೆಯವರು. ಟಿವಿಯಲ್ಲಿ ಯಾರೋ ಯಾರನ್ನೋ ಬೈಯುತ್ತಿದ್ದರು, ಆದರೆ ಪರದೆ ಕಪ್ಪು. ಮೇಷ್ಟ್ರು ಅತ್ತೆಯವರ ಕಡೆ ಒಮ್ಮೆ ಓರೆಗಣ್ಣಲ್ಲಿ ನೋಡಿ, ಯಾರಿಗೂ ತಿಳಿಯದ ಹಾಗೆ, ಕತ್ತು ನೋವಿನವರಂತೆ, ತಲೆಯನ್ನು ಮೆಲ್ಲಗೆ ಓರೆ ಮಾಡಿದರು. ಮಸುಕು ಮಸುಕಾಗಿ ಒಂದು ಮುಖ ಮೂಡಿತು.

"ಇನ್ನೂ ಒಂಚೂರು ಭುಜಕ್ಕೆ ತಾಗಿಸಿ," ಎಂದರು ಅತ್ತೆಯವರು ಟಿವಿಯಿಂದ ಕಣ್ಣು ತೆಗೆಯದೆ. "ಆಗ ಬಣ್ಣ ಸರಿಯಾಗಿ ಬರುತ್ತೆ."

ಮೇಷ್ಟ್ರ ಕಾಲು ಒತ್ತಿದ್ದು ಒತ್ತಿದ ಹಾಗೇ ನಿಂತಿತು. ಈ ಸಂಗತಿ ಭೂಮಿಯ ಮೇಲೆ ಗೊತ್ತಿದ್ದದ್ದು ಇನ್ಸ್‌ಪೆಕ್ಟರಿಗೆ, ತಮಗೆ, ಮತ್ತು ಕನ್ನಡಕದಂಗಡಿಯವನಿಗೆ. ನಾಲ್ಕನೆಯವರಿಗೆ ಗೊತ್ತಾಗಬೇಕಾದರೆ ಅವರು ಇದೇ ಕನ್ನಡಕವನ್ನು, ಇದೇ ಟಿವಿಯ ಮುಂದೆ, ಒಮ್ಮೆಯಾದರೂ ಹಾಕಿಕೊಂಡಿರಬೇಕು. ಭಾನುವಾರ ರಾತ್ರಿ ನಡುಮನೆಯಲ್ಲಿ 'ಟಪ್' ಎಂದದ್ದು ಅವರಿಗೆ ನೆನಪಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು 'ಟಪ್'.

"ಅತ್ತೆ," ಎಂದರು ಮೆಲ್ಲಗೆ.

"ಕೂತ್ರೆ ಕಪ್ಪು, ಮಗ್ಗುಲಾಗಿ ಮಲಗಿದ್ರೆ ಬಣ್ಣ," ಎಂದರು ಅತ್ತೆಯವರು ಅದಕ್ಕಿಂತ ಮೆಲ್ಲಗೆ. "ತೆಗೆದು ನೋಡಿ, ತೆಗೆದು ನೋಡಿ ಅಂತ ನಾಲ್ಕು ದಿನದಿಂದ ಬಡ್ಕೊಂಡೆ. ಅದಕ್ಕಿಂತ ಹೆಚ್ಚು ಹೇಳಿದ್ರೆ, ನಿನಗೆ ಹೇಗೆ ಗೊತ್ತು ಅಂತ ಮಗಳು ಕೇಳ್ತಿದ್ಲು. ಈ ವಯಸ್ಸಲ್ಲಿ ಅಳಿಯನ ಕನ್ನಡಕ ಕದ್ದು ಹಾಕ್ಕೊಂಡು, ಮಧ್ಯರಾತ್ರಿ ಸದ್ದಿಲ್ಲದೆ ಟಿವಿ ಹಾಕಿ ಅದರ ಬೆಳಕಲ್ಲಿ ಕನ್ನಡಿ ನೋಡ್ಕೊಂಡೆ ಅಂತ ಹೇಳ್ಲಾ?"

ಊರೆಲ್ಲ ಮೇಷ್ಟ್ರನ್ನು ಕುರುಡನೆಂದಾಗ ಈ ಮಂಚದ ಮೇಲೆ ಎಲ್ಲವನ್ನೂ ಬಲ್ಲ ಒಂದು ಜೀವ ತುಟಿ ಕಚ್ಚಿ ಕೂತಿತ್ತು. ಸಿಟ್ಟು ಬರಬೇಕಿತ್ತು. ಬರಲೆಂದು ಸ್ವಲ್ಪ ಹೊತ್ತು ಕಾದರೂ ಬರಲಿಲ್ಲ.

"ಚೆನ್ನಾಗಿ ಕಾಣ್ತಿತ್ತಾ?" ಎಂದು ಕೇಳಿದರು.

"ಟಿವಿಯಾ?"

"ಕನ್ನಡಿ."

ಅತ್ತೆಯವರು ಸೆರಗು ಸರಿಮಾಡಿಕೊಂಡರು. "ನಿಮಗಿಂತ ಚೆನ್ನಾಗಿ ಕಾಣ್ತಿತ್ತು."

ಹೆಂಡತಿ ಚಹಾ ತಂದು ಇಬ್ಬರ ಮುಂದೆ ಇಟ್ಟಳು. ಮಂಚದ ಕೆಳಗೆ ಬಗ್ಗಿ ನೋಡಿ, "ಬೋನಿಟ್ಟು ನಾಲ್ಕು ದಿನ ಆಯ್ತು ರೀ, ಒಂದೂ ಬಿದ್ದಿಲ್ಲ. ಅವತ್ತು ರಾತ್ರಿ ಸದ್ದು ಮಾಡಿದ್ದು ಇಲಿನೇನಾ, ಇನ್ನೇನಾದ್ರೂನಾ?" ಎಂದಳು.

ಅತ್ತೆಯವರು ಟಿವಿಯ ದನಿ ಜಾಸ್ತಿ ಮಾಡಿದರು.

"ಇಲಿನೇ," ಎಂದರು ಮೇಷ್ಟ್ರು. "ಹೋಯ್ತು ಬಿಡು. ಬೋನು ತೆಗೆದಿಡು, ವಯಸ್ಸಾದ ಇಲಿ, ಸುಮ್ನೆ ಕಾಲು ಸಿಕ್ಕೊಂಡೀತು."

ಸೂರ್ಯ ಮುಳುಗಿದ ಮೇಲೆ ಅವರು ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು. ಡಬ್ಬಿಯನ್ನು ಟಿವಿಯ ಮೇಲಿನ ಅಟ್ಟಣಿಗೆಯಲ್ಲಿಡದೆ, ಮಂಚದಿಂದ ಕೈಗೆ ಸಿಗುವ ಕೆಳಗಿನ ಗೂಡಿನಲ್ಲಿಟ್ಟರು. ಈ ವಿಷಯ ಯಾರಿಗೂ ಹೇಳಬಾರದೆಂದು ಆ ಗಳಿಗೆಯಲ್ಲಿಯೇ ನಿಶ್ಚಯಿಸಿದರು. ಅತ್ತೆಯವರು ಅದನ್ನು ನಾಲ್ಕು ದಿನ ಮೊದಲೇ ನಿಶ್ಚಯಿಸಿದ್ದರು.